ಕೊಡಗಿನ ತೋಟಗಳಲ್ಲಿ ಇಲಿ ಹಿಡಿದ ಎರಡು ವರ್ಷ

ಬೋನಿಗೆ ಏನು ಹಾಕೋದು ಅನ್ನೋ ಪ್ರಶ್ನೆಯಿಂದಲೇ ನನ್ನ ಪಿಎಚ್‌ಡಿ ಶುರುವಾಯಿತು. ಹೊರದೇಶದವರು ಬರೆದ ಪ್ರಬಂಧಗಳಲ್ಲಿ ಕಡಲೆಕಾಯಿ ಬೆಣ್ಣೆಗೆ ಓಟ್ಸ್ ಕಲಸಿ ಉಂಡೆ ಕಟ್ಟಿ ಇಡಿ ಅಂತ ಇರುತ್ತದೆ. ನಾನೂ ಹಾಗೇ ಮಾಡಿದೆ. ವಿರಾಜಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಮೊದಲ ಸಂಜೆ 50 ಬೋನು ಇಟ್ಟು ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಮುಕ್ಕಾಲು ಪಾಲು ಬೋನಿನಲ್ಲಿ ಬರೀ ಇರುವೆ. ಉಂಡೆಯೂ ಇಲ್ಲ, ಇಲಿಯೂ ಇಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಮ್ಮನೆ ಇಲಿಬೋನಿಗೆ ಏನೇ ಹಾಕ್ತೀವಿ? ಸುಟ್ಟ ಕೊಬ್ಬರಿ ಚೂರು ತಾನೇ?" ಅಂದರು. ನಮ್ಮದು ತಿಪಟೂರು ಕಡೆ, ಕೊಬ್ಬರಿಗೇನು ಬರ? ಮುಂದಿನ ವಾರ ಬಸ್ಸಿನಲ್ಲಿ ಒಂದು ಚೀಲ ಕೊಬ್ಬರಿ ಬಂತು. ಗಿಟುಕನ್ನು ಕೆಂಡದ ಮೇಲೆ ಸ್ವಲ್ಪ ಸುಟ್ಟು, ಉಗುರಿನಷ್ಟು ಚೂರು ಮಾಡಿ ಇಟ್ಟೆ. ವಾಸನೆ ದೂರದ ತನಕ ಹೋಗುತ್ತದೆ. ಪುಡಿ ಉದುರುವುದಿಲ್ಲ, ಇರುವೆ ಕಾಟ ಪೂರ್ತಿ ಹೋಗದಿದ್ದರೂ ಎಷ್ಟೋ ಕಡಿಮೆಯಾಯಿತು. ಎರಡು ವರ್ಷವೂ ನಾನು ಕೊಬ್ಬರಿ ಬಿಡಲಿಲ್ಲ.

ನನ್ನ ಪ್ರಶ್ನೆ ಸರಳವಾಗಿತ್ತು. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ಸುತ್ತ ಕಾಫಿ ತೋಟ. ಕೆಲವು ತೋಟಗಳಲ್ಲಿ ನಂದಿ, ಮತ್ತಿ, ಅತ್ತಿ, ಹಲಸು, ಧೂಪದಂಥ ಹಳೇ ಕಾಡುಮರಗಳ ನೆರಳಿದೆ. ಕೆಲವು ಕಡೆ ಅವೆಲ್ಲ ಹೋಗಿ ಸಾಲಾಗಿ ಸಿಲ್ವರ್ ಓಕ್ ಬಂದಿದೆ. ಈ ಮೂರು ಕಡೆಯೂ ನೆಲದ ಮೇಲಿನ ಚಿಕ್ಕ ಪ್ರಾಣಿಗಳು ಒಂದೇ ಥರ ಇವೆಯಾ? ಇಲಿ, ಸುಂಡಿಲಿ (ಇಂಗ್ಲಿಷಿನಲ್ಲಿ ಶ್ರೂ), ಮರ ಹತ್ತುವ ಇಲಿ, ಇಷ್ಟೇ ನನ್ನ ವ್ಯಾಪ್ತಿ.

ನನಗಿಂತ ಮೊದಲು ಈ ನೆಲದಲ್ಲಿ ಇಲಿ ಹಿಡಿದವರಿದ್ದಾರೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯವರು ನೂರು ವರ್ಷಕ್ಕೂ ಹಿಂದೆಯೇ ಕೊಡಗಿಗೆ ಬಂದಿದ್ದರು. ಆಮೇಲೆ ಸಂಜಯ್ ಮೋಲೂರ್ ಮತ್ತು ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಅವರು ಕೊಡಗಿನ ಚಿಕ್ಕ ಸಸ್ತನಿಗಳ ಮೇಲೆ ಕೆಲಸ ಮಾಡಿ 2009ರಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಪ್ರತಿ ನನ್ನ ಚೀಲದಲ್ಲಿ ಮಡಿಸಿ ಮಡಿಸಿ ಹರಿದುಹೋಗಿದೆ.

ಊರಿಗೆ ಹೋದಾಗ ಸೋದರಮಾವ ಕೇಳಿದ್ದರು, "ಹುಲಿ, ಆನೆ ಉಳಿಸ್ತಾರೆ ಸರಿ. ಇಲೀನ ಯಾರವ್ವ ಉಳಿಸ್ತಾರೆ?" ಅಂತ. ಅವರ ತಪ್ಪೇನಿಲ್ಲ. ನಮ್ಮ ಕಾನೂನೇ ಹಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 5ನೇ ಷೆಡ್ಯೂಲಿನಲ್ಲಿ ಇಲಿಗಳು, ಕಾಗೆ, ಹಣ್ಣು ತಿನ್ನುವ ಬಾವಲಿ ಎಲ್ಲ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಷೆಡ್ಯೂಲನ್ನೇ ತೆಗೆದರು. ಆದರೆ ಅಡುಗೆಮನೆಯ ಇಲಿಗೂ ಕಾಡಿನ ಇಲಿಗೂ ವ್ಯತ್ಯಾಸ ಇದೆ ಅಂತ ಜನರ ಮನಸ್ಸಿಗೆ ಬರೋದು ಕಾನೂನು ತಿದ್ದಿದಷ್ಟು ಸುಲಭ ಅಲ್ಲ. ವಿಜ್ಞಾನಿಗಳಿಗೂ ತಡವಾಗಿಯೇ ಗೊತ್ತಾಗಿದ್ದು. ಸಹ್ಯಾದ್ರಿ ಕಾಡಿಲಿಯನ್ನು ಬಹಳ ಕಾಲ ಮನೆಯ ಕಪ್ಪಿಲಿಯ ಒಂದು ಬಗೆ ಅಂದುಕೊಂಡಿದ್ದರು. ಅದು ಬೇರೆಯದೇ ಜಾತಿ ಅಂತ ಡಿಎನ್‌ಎ, ವರ್ಣತಂತು, ಮೈಕಟ್ಟು ಎಲ್ಲ ಹೋಲಿಸಿ ವಿವರವಾಗಿ ತೋರಿಸಿದ್ದು 2011ರಲ್ಲಿ. ಪಶ್ಚಿಮ ಘಟ್ಟ ಬಿಟ್ಟರೆ ಅದು ಇನ್ನೆಲ್ಲೂ ಇಲ್ಲ.

ಅನುಮತಿಗಳ ವಿಷಯ ಉದ್ದ ಮಾಡುವುದಿಲ್ಲ. ಅರಣ್ಯ ಇಲಾಖೆಯದ್ದು, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯದ್ದು, ತೋಟದ ಮಾಲೀಕರದ್ದು, ದೇವರಕಾಡಿಗೆ ಅಲ್ಲಿಯ ದೇವಸ್ಥಾನ ಸಮಿತಿಯದ್ದು, ಎಲ್ಲ ಬೇಕು. ಹೊಸದಾಗಿ ಬರುವವರು ಇದಕ್ಕೆ ಆರು ತಿಂಗಳಾದರೂ ಇಟ್ಟುಕೊಳ್ಳಿ. ದೇವರಕಾಡಿಗೆ ನಾವು ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ಜಿಗಣೆ ಜಾಸ್ತಿ. ಆದರೂ ಅಲ್ಲಿಯ ಪದ್ಧತಿ ಅದು.

ನಾನು ಬಳಸಿದ್ದು ಶರ್ಮನ್ ಬೋನು. ತೆಳು ಅಲ್ಯೂಮಿನಿಯಂ ಪೆಟ್ಟಿಗೆ, ಮಡಿಸಿದರೆ ಪುಸ್ತಕದ ಥರ ಚಪ್ಪಟೆಯಾಗುತ್ತದೆ. ಒಳಗಿನ ಹಲಗೆ ತುಳಿದರೆ ಬಾಗಿಲು ಮುಚ್ಚುತ್ತದೆ, ಪ್ರಾಣಿಗೆ ಪೆಟ್ಟಾಗುವುದಿಲ್ಲ. ಹತ್ತು ಮೀಟರಿಗೆ ಒಂದರಂತೆ 5 ಸಾಲು, ಸಾಲಿಗೆ 10. ಸಂಜೆ ತೆರೆಯೋದು, ಬೆಳಿಗ್ಗೆ ಆರೂವರೆಗೆ ನೋಡೋದು, ಹಗಲು ಮುಚ್ಚಿಡೋದು. ಒಂದು ಜಾಗದಲ್ಲಿ ಐದು ರಾತ್ರಿ. ಒಳಗೆ ಒಂದು ಹಿಡಿ ಹತ್ತಿ ಕಡ್ಡಾಯ. ಡಿಸೆಂಬರ್ ರಾತ್ರಿಯ ಚಳಿಯಲ್ಲಿ ಲೋಹದ ಪೆಟ್ಟಿಗೆ ಐಸ್ ಥರ ಆಗುತ್ತದೆ. ಮೇಲೆ ತರಗೆಲೆ ಹೊದಿಸಿ ಮರೆ ಮಾಡಬೇಕು, ಇಲ್ಲದಿದ್ದರೆ ತೋಟದ ನಾಯಿಗಳು ಉರುಳಿಸುತ್ತವೆ.

ಬಾಗಿಲು ಮುಚ್ಚಿದ ಬೋನನ್ನು ಕೈಗೆತ್ತಿಕೊಂಡರೆ ಮೊದಲು ತೂಕದಲ್ಲೇ ಗೊತ್ತಾಗುತ್ತದೆ. ಬೋನಿನ ಬಾಯಿಗೆ ಬಟ್ಟೆ ಚೀಲ ಹಿಡಿದು ಮೆಲ್ಲಗೆ ಓರೆ ಮಾಡಿದರೆ ಇಲಿ ಚೀಲದೊಳಕ್ಕೆ ಇಳಿಯುತ್ತದೆ. ಚೀಲದ ಸಮೇತ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಆಮೇಲೆ ಚೀಲದ ತೂಕ ಕಳೆಯೋದು. ಬಟ್ಟೆಯ ಹೊರಗಿನಿಂದಲೇ ಕತ್ತಿನ ಹಿಂದೆ ಹಿಡಿದು, ಬಾಲ, ಹಿಂಗಾಲು, ಕಿವಿ ಅಳೆಯೋದು. ಬಿಳಿಬಾಲದ ಕಾಡಿಲಿಯನ್ನು ಗುರುತಿಸೋದು ಸುಲಭ, ಬಾಲದ ತುದಿಯ ಭಾಗ ಬೆಳ್ಳಗಿರುತ್ತದೆ. ಗುರುತಿಗೆ ನಾನು ಕಿವಿ ಚುಚ್ಚಲಿಲ್ಲ. ಸೊಂಟದ ಹತ್ತಿರ ಒಂದು ಚಿಟಿಕೆ ರೋಮ ಕತ್ತರಿಸಿದರೆ ಮೇಲಿನ ಕಂದು ಹೋಗಿ ಕೆಳಗಿನ ಬೂದುಬಣ್ಣ ಕಾಣುತ್ತದೆ. ಐದು ದಿನಕ್ಕೆ ಅಷ್ಟು ಸಾಕು. ಎಲ್ಲ ಸೇರಿ ಎರಡು ಮೂರು ನಿಮಿಷ. ಹಿಡಿದ ಜಾಗದಲ್ಲೇ ಬಿಡಬೇಕು. ಬಿಟ್ಟ ತಕ್ಷಣ ಓಡುತ್ತವೆ ಅಂದುಕೊಂಡಿದ್ದೆ. ಎಷ್ಟೋ ಇಲಿಗಳು ಒಂದು ಕ್ಷಣ ಅಲ್ಲೇ ಕೂತು ಮೀಸೆ ಒರೆಸಿಕೊಂಡು ಹೋಗುತ್ತಿದ್ದವು.

ಒಂದು ಜಾಗದಲ್ಲಿ ಒಟ್ಟು ಎಷ್ಟು ಇಲಿ ಇವೆ ಅಂತ ಅಂದಾಜು ಮಾಡುವ ಲೆಕ್ಕ ಹೀಗೆ. 20 ಇಲಿಗೆ ಗುರುತು ಮಾಡಿ ಬಿಟ್ಟಿರಿ ಅನ್ನಿ. ಮತ್ತೆ 20 ಸಿಕ್ಕವು, ಅದರಲ್ಲಿ 5ಕ್ಕೆ ಗುರುತಿತ್ತು. ಅಂದರೆ ಗುರುತಿನವು ಕಾಲು ಭಾಗ, ಒಟ್ಟು ಸುಮಾರು 80 ಇರಬಹುದು. ನಿಜವಾದ ಲೆಕ್ಕ ಇದಕ್ಕಿಂತ ಕಷ್ಟ, ಕೆಲವು ಇಲಿ ಕೊಬ್ಬರಿ ರುಚಿ ಹತ್ತಿ ದಿನಾ ಬರುತ್ತವೆ, ಕೆಲವು ಒಮ್ಮೆ ಸಿಕ್ಕಿದ ಮೇಲೆ ಹತ್ತಿರ ಸುಳಿಯುವುದಿಲ್ಲ. ಆದರೆ ಬುಡ ಇದೇ.

ಕೈಗವಸು, ಮಾಸ್ಕ್, ಸೋಪು ಯಾವತ್ತೂ ಮರೆಯಬೇಡಿ. ಇಲಿ ಜ್ವರ ಮಲೆನಾಡಿನವರಿಗೆ ಗೊತ್ತಿರುವ ಕಾಯಿಲೆಯೇ. ಪ್ರತಿ ಜಾಗ ಮುಗಿದ ಮೇಲೆ 50 ಬೋನನ್ನೂ ಬ್ಲೀಚಿಂಗ್ ನೀರಲ್ಲಿ ತೊಳೆದು ಬಿಸಿಲಿಗೆ ಹಾಕುತ್ತಿದ್ದೆವು.

ಈಗ ಬರೆಯಲು ಕಷ್ಟವಾಗುವ ವಿಷಯ. ಮೊದಲ ವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ ತೋಟದ ರೈಟರ್ (ಲೆಕ್ಕಪತ್ರ ಬರೆಯುವವರು) ಫೋನ್ ಮಾಡಿದರು. "ಮೇಡಂ, ದಾರಿಯಲ್ಲೇ ಆನೆ ನಿಂತಿದೆ, ಬರಬೇಡಿ" ಅಂದರು. ಹಿಂಡು ಹಳ್ಳ ದಾಟುವ ತನಕ ಕಾದೆವು. ಬೋನಿನ ಹತ್ತಿರ ಹೋದಾಗ ಹತ್ತೂವರೆ. ನಾಲ್ಕು ಬೋನು ಆನೆಯ ಕಾಲಿಗೆ ಸಿಕ್ಕಿ ತಗಡಾಗಿದ್ದವು, ಅದೃಷ್ಟಕ್ಕೆ ಖಾಲಿ ಇದ್ದವು. ಆದರೆ ಬೇರೆ ಮೂರು ಬೋನಿನಲ್ಲಿ ಸುಂಡಿಲಿಗಳು ಸತ್ತಿದ್ದವು. ಹತ್ತಿಯೊಳಗೆ ಮುದುಡಿಕೊಂಡು, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಚೂಪು ಮೂತಿ ಹೊಟ್ಟೆಗೆ ಸಿಕ್ಕಿಸಿಕೊಂಡು. ಕೊಬ್ಬರಿ ಮುಟ್ಟಿರಲಿಲ್ಲ.

ಮುಟ್ಟುವುದೂ ಇಲ್ಲ. ಸುಂಡಿಲಿ ಹೆಸರಿಗೆ ಇಲಿ ಅಷ್ಟೇ, ಇಲಿಯ ಜಾತಿಯೇ ಅಲ್ಲ. ಹುಳಹುಪ್ಪಟೆ ತಿನ್ನುವ ಪ್ರಾಣಿ. ಮೈ ಚಿಕ್ಕದು, ಒಳಗಿನ ಬೆಂಕಿ ಜೋರು. ಕೆಲವೇ ಗಂಟೆ ಹಸಿದಿದ್ದರೆ ಸತ್ತುಹೋಗುತ್ತದೆ. ಇದನ್ನು ನಾನು ಓದಿದ್ದೆ. ಓದಿಯೂ ಕೊಬ್ಬರಿ ಮಾತ್ರ ಇಟ್ಟಿದ್ದೆ. ಆ ಮೂರನ್ನು ನನ್ನ ಲೆಕ್ಕದಲ್ಲೇ ಬರೆದುಕೊಂಡು, ನೈತಿಕ ಸಮಿತಿಗೆ ತಿಳಿಸಿ, ಎರಡು ವಾರ ಬೋನು ಇಡುವುದನ್ನೇ ನಿಲ್ಲಿಸಿದೆ.

ಆಮೇಲೆ ಮೂರು ಬದಲಾವಣೆ ಮಾಡಿದೆ. ಪ್ರತಿ ಬೋನಿಗೆ ಕೊಬ್ಬರಿ ಜೊತೆ ಒಂದು ಚೂರು ಒಣಮೀನು. ಆನೆ ಸುಳಿವಿದೆ ಅಂತ ಸಂಜೆಯೇ ಸುದ್ದಿ ಬಂದರೆ ಆ ರಾತ್ರಿ ಬೋನು ತೆರೆಯೋದೇ ಇಲ್ಲ. ಮೂರನೆಯದು, ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಿ ಎಲ್ಲ ಬೋನಿಗೂ ಹಿಂದಿನ ಮೂಲೆಯಲ್ಲಿ 12 ಮಿಲಿಮೀಟರ್ ತೂತು ಕೊರೆಸಿದೆ. ಚಿಕ್ಕ ಸುಂಡಿಲಿ ಅದರಲ್ಲಿ ತೂರಿ ಹೋಗುತ್ತದೆ, ಇಲಿ ಒಳಗೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಈ ಥರ ತೂತು ಇರುವ ಬೋನು ಬಳಸುತ್ತಾರೆ. ತೀರಾ ಚಿಕ್ಕ ಚುಂಡಿಲಿಗಳೂ (ಇವು ಪುಟ್ಟ ಇಲಿಗಳು, ಸುಂಡಿಲಿ ಅಲ್ಲ) ತಪ್ಪಿಸಿಕೊಳ್ಳುತ್ತವೆ, ಹಾಗಾಗಿ ನನ್ನ ಮೊದಲ ವರ್ಷದ ಅಂಕಿಯನ್ನು ಎರಡನೇ ವರ್ಷದ ಜೊತೆ ನೇರವಾಗಿ ಹೋಲಿಸಲು ಆಗಲಿಲ್ಲ. ಪ್ರಬಂಧದಲ್ಲಿ ಅದನ್ನು ಬಿಚ್ಚಿ ಬರೆದಿದ್ದೇನೆ. ಅಂಕಿ ಹೋದರೆ ಹೋಗಲಿ ಅನ್ನೋದು ನನ್ನ ನಿಲುವು. ಅದಾದ ಮೇಲೆ ಬೋನಿನಲ್ಲಿ ಒಂದು ಸುಂಡಿಲಿಯೂ ಸಾಯಲಿಲ್ಲ.

ನನಗೆ ತುಂಬ ನೋಡಬೇಕು ಅಂತ ಆಸೆ ಇದ್ದದ್ದು ಮುಳ್ಳಿನ ಮರಇಲಿ. 1859ರಲ್ಲಿ ಬ್ಲೈತ್ ಅನ್ನುವವರು ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅದರ ಇಡೀ ಕುಲದಲ್ಲಿ ಇರೋದು ಅದೊಂದೇ, ಇರೋದೂ ಪಶ್ಚಿಮ ಘಟ್ಟದಲ್ಲಿ ಮಾತ್ರ. ಮೊದಲ ವರ್ಷ ಒಂದೂ ಸಿಗಲಿಲ್ಲ. ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಇದ್ದ ಒಬ್ಬ ಅಜ್ಜನಿಗೆ ಫೋಟೋ ತೋರಿಸಿದೆ. ಫೋಟೋ ಕೈಗೆ ತಗೊಂಡ ತಕ್ಷಣ, "ಇದು ಮೆಣಸು ತಿನ್ನೋದು. ಮೊದಲು ಬೈನೆ ಮರದ ಕಳ್ಳಿನ ಮಡಿಕೆಗೂ ಬೀಳೋದು" ಅಂದರು. ಎಲ್ಲಿದೆ ಅಜ್ಜಾ ಅಂದೆ. "ಮೇಲಿದೆ ಮಗಳೇ. ನೀನು ನೆಲ ನೋಡ್ತಾ ಇದ್ದೀಯ. ಪೊಟರೆ ನೋಡು" ಅಂದರು.

ಎರಡನೇ ವರ್ಷ 20 ಬೋನು ಮರಕ್ಕೆ ಹೋದವು. ದಪ್ಪ ಬಳ್ಳಿಗಳ ಮೇಲೆ, ಕೊಂಬೆ ಕವಲಿನಲ್ಲಿ, ನೆಲದಿಂದ ಹತ್ತು ಹದಿನೈದು ಅಡಿ ಎತ್ತರದಲ್ಲಿ ಹಗ್ಗದಿಂದ ಬಿಗಿದು ಕಟ್ಟಿದೆವು. ಹನ್ನೊಂದನೇ ರಾತ್ರಿ, ದೇವರಕಾಡಿನ ಅಂಚಿನ ಹಳೇ ಧೂಪದ ಮರದಲ್ಲಿ ಒಂದು ಸಿಕ್ಕಿತು. ಚೀಲದ ಬಟ್ಟೆಯ ಮೇಲಿಂದಲೇ ಬೆನ್ನು ಒರಟಾಗಿ ತಾಗಿತು. ಮುಳ್ಳು ಅಂದರೆ ಮುಳ್ಳುಹಂದಿಯ ಥರ ಅಲ್ಲ. ಚಪ್ಪಟೆ, ಗರಿಕೆ ಎಲೆಯಷ್ಟು ಸಣ್ಣ, ರೋಮದ ನಡುವೆ ಒತ್ತಾಗಿ ಹಿಂದಕ್ಕೆ ಬಾಗಿಕೊಂಡವು. ತಲೆಯಿಂದ ಬಾಲದ ಕಡೆಗೆ ಸವರಿದರೆ ನಯ. ಬಾಲದ ತುದಿ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ, ಕೊನೆಗೆ ಬಿಳಿ. ತೂಕ 72 ಗ್ರಾಂ. ನನ್ನ ಕೈ ನಡುಗುತ್ತಿತ್ತು, ಹಾಗಾಗಿ ಕಿವಿ ಅಳೆಯದೆ ಬಿಟ್ಟೆ. ಕಾಂಡದ ಮೇಲೆ ಸರಸರ ಹತ್ತಿ, ಪೊಟರೆಯ ಬಾಯಲ್ಲಿ ಒಮ್ಮೆ ತಿರುಗಿ ಒಳಗೆ ಹೋಯಿತು.

ಬೋನುಗಳು ನನಗೆ ಹೇಳಿದ್ದು ಇಷ್ಟು. ಲೈನ್ ಮನೆಗಳ ಹತ್ತಿರ ಕಪ್ಪಿಲಿ, ಚುಂಡಿಲಿ ಜಾಸ್ತಿ, ಅದರಲ್ಲಿ ಹೊಸದೇನಿಲ್ಲ. ಬರೀ ಸಿಲ್ವರ್ ಓಕ್ ಇರುವ, ನೆಲ ಗುಡಿಸಿದಂತೆ ಚೊಕ್ಕಟವಾಗಿಟ್ಟ ತೋಟಗಳಲ್ಲಿ ಬಗೆಗಳು ಕಡಿಮೆ. ಕಾಡುಮರದ ನೆರಳು, ದಪ್ಪ ತರಗೆಲೆ, ಬಿದ್ದು ಕೊಳೆಯುತ್ತಿರುವ ದಿಮ್ಮಿ ಇರುವ ತೋಟಗಳು ಎಷ್ಟೋ ಮಟ್ಟಿಗೆ ದೇವರಕಾಡಿನ ಹಾಗೇ ಇದ್ದವು. ಮುಳ್ಳಿನ ಮರಇಲಿ ಮಾತ್ರ ಹಳೇ ಮರ ಬಿಟ್ಟು ಕದಲಲಿಲ್ಲ. ಪೊಟರೆ ಆಗಬೇಕಾದರೆ ಮರಕ್ಕೆ ವಯಸ್ಸಾಗಬೇಕು, ಕೊಂಬೆ ಮುರಿದು ಒಳಗೆ ಕೊಳೆಯಬೇಕು. ನೆಟ್ಟಗೆ ಬೆಳೆದು ಬೇಗ ಕಟಾವಾಗುವ ಸಿಲ್ವರ್ ಓಕಿನಲ್ಲಿ ಅದೆಲ್ಲಿ ಆಗುತ್ತೆ?

ಬೆಳೆಗಾರರ ಮೇಲೆ ನನಗೆ ದೂರಿಲ್ಲ. ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬುತ್ತದೆ. ಕಾಡುಮರ ಕಡಿಯಲು ಇರುವಷ್ಟು ಕಟ್ಟುಪಾಡು ಅದಕ್ಕಿಲ್ಲ. ಕಾಫಿ ಬೆಲೆ ಬಿದ್ದ ವರ್ಷ ಮನೆ ನಡೆಯಬೇಕಲ್ವಾ. ನಾನು ಕೇಳಿಕೊಳ್ಳುವುದು ಎರಡೇ. ಪೊಟರೆ ಇರುವ ಮುದಿ ಮರ, ಅದು ಒಣಗಿದ್ದರೂ, ಕಟ್ಟಡದ ಮೇಲೋ ದಾರಿಯ ಮೇಲೋ ಬೀಳುವ ಭಯ ಇಲ್ಲದಿದ್ದರೆ ಬಿಡಿ. ಇಲಿಪಾಷಾಣ ಗೋಡೌನಿನ ಒಳಗೆ ಇರಲಿ, ತೋಟದ ಬೇಲಿಗೆ ಬೇಡ. ಅದನ್ನು ತಿಂದ ಇಲಿಯನ್ನು ಗೂಬೆ, ಪುನುಗು ಬೆಕ್ಕು ಹಿಡಿದರೆ ವಿಷ ಅವಕ್ಕೂ ಏರುತ್ತದೆ.

ಒಬ್ಬ ಮಾಲೀಕರು ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡಿಸುವ ವೇಳೆ ನನ್ನನ್ನು ಕರೆದು, ಕಡಿಯಬೇಕೆಂದಿದ್ದ ಏಳು ಮರ ತೋರಿಸಿದರು. ಎರಡರಲ್ಲಿ ಪೊಟರೆ ಇತ್ತು. ಅವಕ್ಕೆ ಸುಣ್ಣದಲ್ಲಿ ಗೆರೆ ಎಳೆದು, "ಇವೆರಡು ಮುಟ್ಟಬೇಡಿ, ಇಲಿ ಮೇಡಂ ಮರ" ಅಂತ ಆಳುಗಳಿಗೆ ಹೇಳಿದರು. ಈ ಸಲ ಮಳೆ ನಿಂತ ಮೇಲೆ ಆ ಎರಡರ ಎದುರೂ ಕ್ಯಾಮೆರಾ ಕಟ್ಟಬೇಕು. ಅಜ್ಜನಿಗೂ ಹೇಳಿದ್ದೇನೆ, ಅವರೂ ಬರುತ್ತಾರೆ.