ಗಾಳಿಯಲ್ಲೂ ನೀರಿನ ಪಾಳಿ: ನನ್ನ ಅನುಭವ

ಸಾಗರದ ಕಡೆ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ 22 ಲೋರಾ ನೋಡ್‌ಗಳಿವೆ. ಲೋರಾ ಅಂದರೆ ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ರೇಡಿಯೊ, ನೋಡ್ ಅಂದರೆ ಅದರಲ್ಲಿ ಲೆಕ್ಕ ಕಳಿಸುವ ಪುಟ್ಟ ಯಂತ್ರ. ಪಕ್ಕದ ತೋಟ ಭಾವನದು, ಅಲ್ಲಿ ಇನ್ನೊಂದು ಹದಿನೆಂಟು. ಎಲ್ಲವೂ 865–867 ಮೆಗಾಹರ್ಟ್ಸ್‌ನಲ್ಲಿ, ಅದೂ ಒಂದೇ ಚಾನೆಲ್. ಎಲ್ಲ ನೋಡ್‌ಗಳ ಸಂದೇಶ ಹಿಡಿಯುವ ಗೇಟ್‌ವೇ ಅಗ್ಗದ್ದು ತಗೊಂಡರೆ ಅಷ್ಟೇ ಅಲ್ವಾ.

ಮೊದಲ ವರ್ಷ ನೋಡ್‌ನ 18650 ಲಿಥಿಯಂ ಸೆಲ್ ಮೂರು ವಾರಕ್ಕೇ ಖಾಲಿ. ಸಿಗ್ನಲ್ ಸಾಲದು ಅಂತ ಎಸ್‌ಎಫ್ 12 ಇಟ್ಟೆ (ಈ ಅಂಕಿ ಏರಿದಷ್ಟೂ ಸಂದೇಶ ದೂರ ಮುಟ್ಟುತ್ತದೆ, ಆದರೆ ನಿಧಾನ), ಕಳಿಸುವ ಪವರ್ 20 ಡಿಬಿಎಂ ಮಾಡಿದೆ. ಭಾವನೂ ಹಾಗೇ ಮಾಡಿದ. 20 ಬೈಟ್ ಕಳಿಸಲು 1.3 ಸೆಕೆಂಡ್, ಅಷ್ಟೂ ಹೊತ್ತು 120 ಮಿಲಿಆಂಪ್. ಎರಡು ನೋಡ್ ಒಟ್ಟಿಗೆ ಕಳಿಸಿ ಸಂದೇಶ ಡಿಕ್ಕಿಯಾದರೆ ಮತ್ತೆ ಕಳಿಸು, ಮತ್ತೆ ಡಿಕ್ಕಿ. ಬ್ಯಾಟರಿಗೇ ಒಂಬತ್ತು ಸಾವಿರ ಹೋಯ್ತು. "ಮಳೆ, ಮರದ ನಡುವೆ ಇದೆಲ್ಲ ನಡೆಯೋದಿಲ್ಲ ಮಾರಾಯ" ಅಂದ ಭಾವ.

ಕಳಿಸುವ ಮೊದಲು ಚಾನೆಲ್‌ನಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ಕೇಳಿ ನೋಡುವ ಸಿಎಡಿ ಹಾಕಿದೆ. ಅರ್ಧ ಮಾತ್ರ ಗೆದ್ದೆ. ನಡುವೆ ಗುಡ್ಡದ ಮೂಗು ಇದೆ. ಆಚೆಯ ನೋಡ್ ಈಚೆಯದಕ್ಕೆ ಕೇಳೋದೇ ಇಲ್ಲ, ಗೇಟ್‌ವೇಗೆ ಮಾತ್ರ ಎರಡೂ ಒಟ್ಟಿಗೆ ಬಂದು ಬೀಳುತ್ತವೆ.

ಆಂಟೆನಾ ಎತ್ತರಿಸಲು ಅದನ್ನು ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗೆ ಕಟ್ಟಿದ್ದೆ. ಸಿಗ್ನಲ್ ಇನ್ನೂ ಬಿತ್ತು. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಮರೆತಿದ್ದೆ. ಬಿದಿರಿಗೆ ಕಟ್ಟಿದ ಮೇಲೆ ಸರಿಯಾಯಿತು. ನೆರಳಲ್ಲಿ ಸೋಲಾರ್ ಇಟ್ಟ ದುಡ್ಡು ಮಾತ್ರ ಪೂರ್ತಿ ದಂಡ.

ಕೊನೆಗೆ ಇಬ್ಬರೂ ಜಗಲಿ ಮೇಲೆ ಕೂತು ಹೊತ್ತು ಹಂಚಿಕೊಂಡೆವು. ಹಳ್ಳದ ನೀರಿಗೆ ಪಾಳಿ ಹಾಕುವ ಹಾಗೆ. 15 ನಿಮಿಷದ ಸುತ್ತಿನಲ್ಲಿ ಒಂದೊಂದು ನೋಡ್‌ಗೆ 10 ಸೆಕೆಂಡ್. ಪಾಳಿ ಬಂದರೂ ಒಮ್ಮೆ ಕೇಳಿ ನೋಡಿಯೇ ಕಳಿಸುತ್ತದೆ. ಅಕ್ನಾಲೆಜ್‌ಮೆಂಟ್, ಅಂದರೆ ತಲುಪಿತು ಅನ್ನುವ ಮರುತ್ತರ, ತೆಗೆದುಬಿಟ್ಟೆ. ತೇವದ ಒಂದು ಲೆಕ್ಕ ತಪ್ಪಿದರೆ ಏನೂ ಮುಳುಗೋದಿಲ್ಲ. ಹೆಚ್ಚಿನವು ಈಗ ಎಸ್‌ಎಫ್ 9, 14 ಡಿಬಿಎಂ. ಹಳ್ಳದ ಪಕ್ಕದ ಮೂರು ಮಾತ್ರ ಎಸ್‌ಎಫ್ 10. ಎಸ್‌ಎಫ್ 9ರಲ್ಲಿ ಒಂದು ಸಂದೇಶ ಗಾಳಿಯಲ್ಲಿರುವ ಹೊತ್ತು ಏಳರಲ್ಲಿ ಒಂದು ಪಾಲಿಗೆ ಇಳಿಯಿತು.

ನೋಡ್‌ಗಳೊಳಗಿನ ಗಡಿಯಾರ ದಿನಕ್ಕೆ ಒಂದೂವರೆ, ಎರಡು ಸೆಕೆಂಡ್ ಸರಿಯುತ್ತದೆ. ರಾತ್ರಿ ಒಮ್ಮೆ ಗೇಟ್‌ವೇ ಬೀಕನ್, ಅಂದರೆ ಹೊತ್ತು ಹೇಳುವ ಸಂಕೇತ, ಕೂಗಿ ಸರಿಮಾಡುತ್ತದೆ. ಅದಕ್ಕಾಗಿ ರಿಸೀವರ್ ತುಂಬ ಹೊತ್ತು ತೆರೆದಿಟ್ಟರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ನನ್ನ ನೋಡ್‌ಗಳು ಕಣ್ಣು ಬಿಡುವುದು ಕ್ಷಣ ಮಾತ್ರ. ಆ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೋದ ದೀಪಾವಳಿಗೆ ಹಾಕಿದ ಸೆಲ್‌ಗಳು. ಇಡೀ ಮಳೆಗಾಲ ಕಳೆದ ಮೇಲೆ ಮೊನ್ನೆ ಮೀಟರ್ ಹಿಡಿದರೆ 3.8 ವೋಲ್ಟ್ ಮೇಲೇ ಇವೆ. ಭಾವನೇ ಓದಿ ಹೇಳಿದ್ದು. ಈಗ ಕೆಳಗಿನ ತೋಟದವರೂ ಎಂಟು ನೋಡ್‌ಗೆ ಪಾಳಿ ಕೇಳಿದ್ದಾರೆ. ಸುತ್ತಿನಲ್ಲಿ ಇನ್ನೂ ಜಾಗ ಇದೆ, ಕೊಟ್ಟಿದ್ದೇನೆ.