ನಲವತ್ತು ಸೆಕೆಂಡಿಗೆ ಮೂರು ತಿಂಗಳು

ಬುತೋ ಅನ್ನುವ ಜಪಾನಿ ನೃತ್ಯದ ಕ್ಲಾಸಿನ ಮೊದಲ ದಿನ ಟೀಚರ್ "ಹೂ" ಅಂದರು. ನನ್ನ ಕೈ ನನ್ನನ್ನೂ ಕೇಳದೆ ಅಲಪದ್ಮ, ಅಂದರೆ ಅರಳಿದ ತಾವರೆಯ ಮುದ್ರೆ, ಹಿಡಿದುಬಿಟ್ಟಿತು. 14 ವರ್ಷ ಭರತನಾಟ್ಯ ಮಾಡಿದ ಕೈ, ಪಾಪ, ಇನ್ನೇನು ಮಾಡೀತು? ಟೀಚರ್ ನಗಲಿಲ್ಲ, ಬೈಯಲೂ ಇಲ್ಲ. ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಕೈ ಕೆಳಗಿಳಿಸಿ ಹೋದರು.

ಕೆಲಸದ ಮೇಲೆ ಯೊಕೊಹಾಮಾಕ್ಕೆ ಬಂದು ಎರಡು ವರ್ಷವಾಗಿತ್ತು. ಬುತೋ ಅಂದರೆ ಮೈಗೆ ಬಿಳಿ ಬಳಿದುಕೊಂಡು ನಿಧಾನವಾಗಿ ನರಳೋದು ಅಂತ ನಾನೂ ಅಂದುಕೊಂಡಿದ್ದೆ. ಮೊದಲೆರಡು ತಿಂಗಳು ಬಣ್ಣವೂ ಇಲ್ಲ, ನರಳಾಟವೂ ಇಲ್ಲ, ಬರೀ ನಡಿಗೆ. ತಲೆ ಮೇಲೆ ನೀರು ತುಂಬಿದ ಬಟ್ಟಲಿದೆ, ಪಾದದಡಿ ಬ್ಲೇಡಿದೆ ಅಂದುಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ. ಭರತನಾಟ್ಯದಲ್ಲಿ ಅರ್ಧ ಕೂತು ಅರೆಮಂಡಿ ಮಾಡಿದ ಮೊಣಕಾಲು ಚೆನ್ನಾಗಿಯೇ ಸಹಕರಿಸಿತು. ಬೆನ್ನು ಮಾತ್ರ ಸಭೆಗೆ ನಮಸ್ಕಾರ ಹೊಡೆಯೋ ಹಾಗೆ ನೆಟ್ಟಗೇ ನಿಲ್ಲುತ್ತಿತ್ತು.

ವರ್ಷದ ಕೊನೆಗೆ ಎಲ್ಲರೂ ಹತ್ತು ನಿಮಿಷದ ಸೋಲೋ ಮಾಡಬೇಕಿತ್ತು. ಏನು ಮಾಡಲಿ ಅಂತ ತೋಚಲಿಲ್ಲ. "ಓನೊ ಅವರ ವಿಡಿಯೋ ನೋಡಿ, ಕಾಪಿ ಮಾಡಿ" ಅಂದರು ಟೀಚರ್. ಕಾಪಿಯಾ ಅಂತ ಅನ್ನಿಸಿತು. ಆದರೆ ಈ ನೃತ್ಯದಲ್ಲಿ ಅದು ಹೊಸದಲ್ಲ.

ಬುತೋ ನರ್ತಕ ಓನೊ ಕಾಜುಓ ಹುಟ್ಟಿದ್ದು 1906ರಲ್ಲಿ, ಹಾಕೊದಾತೆಯಲ್ಲಿ. ಯೊಕೊಹಾಮಾದ ಹುಡುಗಿಯರ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. 1929ರಲ್ಲಿ ಟೋಕಿಯೋದಲ್ಲಿ ಲಾ ಅರ್ಜೆಂಟೀನಾ ಅನ್ನುವ ಸ್ಪ್ಯಾನಿಷ್ ನರ್ತಕಿಯನ್ನು ನೋಡಿದರು. ಆಕೆಯ ನೆನಪಿಗೆ ಅವರು ಸೋಲೋ ಕಟ್ಟಿದ್ದು 1977ರಲ್ಲಿ, 71ನೇ ವಯಸ್ಸಲ್ಲಿ! ನಿರ್ದೇಶನ ಹಿಜಿಕಾತಾ ತಾತ್ಸುಮಿ ಅವರದ್ದು. 1959ರಲ್ಲಿ ಬುತೋಗೆ ನಾಂದಿ ಹಾಡಿದ್ದೂ ಈ ಹಿಜಿಕಾತಾ ಅವರೇ. ಆ ಮೊದಲ ಪ್ರದರ್ಶನದಲ್ಲಿ ಅವರ ಜೊತೆ ವೇದಿಕೆ ಮೇಲಿದ್ದವನು ಕಾಜುಓ ಅವರ ಮಗ, ಹುಡುಗ ಯೊಶಿತೊ. ಕಾಲಲ್ಲಿ ನಿಲ್ಲಲಾಗದ ಕೊನೆಯ ವರ್ಷಗಳಲ್ಲಿ ಕಾಜುಓ ಕುರ್ಚಿಯಲ್ಲಿ ಕೂತು ಕೈಯಲ್ಲೇ ಕುಣಿದರು. ತೀರಿಕೊಂಡದ್ದು 2010ರಲ್ಲಿ, 103 ತುಂಬಿದ ಮೇಲೆ. ಮೂರು ವರ್ಷಕ್ಕೆ ಕಾವಾಗುಚಿ ತಾಕಾಓ ಅನ್ನುವ ನರ್ತಕ ಅವರ ಹಳೇ ವಿಡಿಯೋಗಳನ್ನು ಇಟ್ಟುಕೊಂಡು, ಚಲನೆಯನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಒಂದು ಸೋಲೋ ಮಾಡಿದರು. ಓನೊ ಕುಣಿಯುವುದನ್ನು ಆತ ಎದುರಿಗೆ ಒಮ್ಮೆಯೂ ನೋಡಿರಲಿಲ್ಲ.

ನಾನು ಆರಿಸಿದ್ದು ಬರೀ 40 ಸೆಕೆಂಡು, ಒಂದು ಬಲಗೈ. ವಿಡಿಯೋ ನಿಧಾನ ಮಾಡಿ, ಯಾವ ಬೆರಳು ಮೊದಲು ಏಳುತ್ತೆ, ಮಣಿಕಟ್ಟು ಯಾವಾಗ ಸೋಲುತ್ತೆ, ಉಸಿರು ಎಲ್ಲಿ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉಂಗುರದ ಬೆರಳು ಒಂದು ಕಡೆ ನಡುಗುತ್ತಿತ್ತು. ಅದು ನೃತ್ಯವೋ, ವಯಸ್ಸೋ? ಮೂರು ದಿನ ಒದ್ದಾಡಿ, ನಡುಕವನ್ನೂ ಸೇರಿಸಿಕೊಂಡೆ. ಮೂರು ತಿಂಗಳಿಗೆ ಕೈ ಅಚ್ಚುಕಟ್ಟಾಗಿ ಬಂತು. ಜೀವ ಮಾತ್ರ ಬರಲಿಲ್ಲ. ಜೆರಾಕ್ಸಿನ ಜೆರಾಕ್ಸ್ ಇದ್ದ ಹಾಗಿತ್ತು.

ಆಗಲೇ ಒಂದು ಭಾನುವಾರ ಅಪ್ಪನ ಜೊತೆ ವಿಡಿಯೋ ಕಾಲ್. ಅಪ್ಪ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಟಿಕೆಟ್ ಹರಿದು ಕೊಡುತ್ತಿದ್ದ ಕಾಲದವರು. ಮಾತಾಡುತ್ತಾ ಪೇಪರ್ ಎಳೆದುಕೊಂಡು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವಿದರು. ಬೆರಳು ಪೇಪರ್ ಮುಟ್ಟುವ ಮೊದಲು ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಅಷ್ಟೇ.

ಮರುದಿನ ಓನೊ ಕೈಯ ಲೆಕ್ಕವನ್ನು ಹಾಗೇ ಇಟ್ಟುಕೊಂಡು ಅದರೊಳಗೆ ಆ ಹೆಬ್ಬೆರಳನ್ನು ಸೇರಿಸಿದೆ. ಟೀಚರ್ ನೋಡಿ, "ಇದು ಯಾರ ಕೈ?" ಅಂದರು. ಹೇಳಿದೆ. "ಹಾಗಾದರೆ ಅವರ ಕಾಲೆಲ್ಲಿ?"

ಹೌದಲ್ವಾ! ಶಿರಾಡಿ ಘಾಟಿಯ ತಿರುವಿನಲ್ಲಿ ಬಸ್ಸು ವಾಲುವಾಗ ಎರಡೂ ಕೈ ಬಿಟ್ಟು, ಎಡ ಸೊಂಟವನ್ನು ಸೀಟಿಗೆ ಒರಗಿಸಿ ನಿಲ್ಲುತ್ತಿದ್ದ ಅಪ್ಪ ನೆನಪಾದರು. ನೋಟುಗಳು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ. ಅಷ್ಟು ದಿನ ಬಗ್ಗದ ನನ್ನ ಬೆನ್ನು ಅವತ್ತು ತಾನಾಗಿಯೇ ಸಡಿಲಾಯಿತು. ಉಳಿದ ಒಂಬತ್ತು ನಿಮಿಷ ಅಲ್ಲಿಂದಲೇ ಬಂತು: ಸೀಟಿಲ್ಲದ ಕಡೆ ಸೀಟಿಗೆ ಒರಗಿ ನಿಲ್ಲೋದು.

ಪ್ರದರ್ಶನಕ್ಕೆ ಬಂದವರು ಇಪ್ಪತ್ತು ಜನ ಇದ್ದಿರಬೇಕು. ಬಿಳಿ ಬಣ್ಣವನ್ನು ನೀರಲ್ಲಿ ಕಲಸಿ, ಚಪ್ಪಟೆ ಬ್ರಶ್ಶಿನಲ್ಲಿ ಕೈಗೆಲ್ಲ ಬಳಿದುಕೊಂಡಿದ್ದೆ. ದಪ್ಪ ಜಾಸ್ತಿಯಾಗಿ, ಒಣಗುತ್ತಲೇ ಚರ್ಮ ಬಿಗಿಯತೊಡಗಿತು. ಹೆಬ್ಬೆರಳು ನಾಲಿಗೆಗೆ ತಾಗಿದಾಗಲೇ ಗೊತ್ತಾಗಿದ್ದು, ಅದಕ್ಕೂ ಬಣ್ಣ ಇದೆ ಅಂತ. ಕೆಟ್ಟ ರುಚಿ. ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ. ಆಮೇಲೆ ಒಬ್ಬರು ಬಂದು, ಆ ಕ್ಷಣದ ಮುಖ ತುಂಬಾ ಚೆನ್ನಾಗಿತ್ತು ಅಂದರು.

ವಿಡಿಯೋವನ್ನು ಅಪ್ಪನಿಗೆ ಕಳಿಸಿದೆ. ರಾತ್ರಿ ಫೋನ್ ಬಂತು. "ಎಲ್ಲಾ ಸರಿ ಕಣೇ, ಆದ್ರೆ ಎಡಗಡೆ ಯಾಕೆ ಒರಗಿದ್ದೀಯಾ? ಎಡಗಡೆ ನನ್ನ ಬ್ಯಾಗ್ ಇರ್ತಿತ್ತಲ್ಲ."

ಬ್ಯಾಗ್ ಮರೆತೇಬಿಟ್ಟಿದ್ದೆ.