ಗೈಡ್ ಬದಿಗಿಟ್ಟು ಟ್ಯಾಕ್ಸ್ ಪೇಪರ್ ಗೆದ್ದಿದ್ದು: ನನ್ನ ಅನುಭವ

ಎಲ್‌ಎಲ್‌ಬಿಯಲ್ಲಿ ಟ್ಯಾಕ್ಸ್ ಪೇಪರ್ ಅಂದ್ರೆ ಗೈಡ್ ಉರು ಹೊಡೆಯೋದು ಅಂತ ನಮ್ಮ ಬ್ಯಾಚಿನ ನಂಬಿಕೆ. ನಾನು ಮೊದಲು ತೀರ್ಪು ಓದಿ ಆಮೇಲೆ ಸೆಕ್ಷನ್‌ಗೆ ಬರುತ್ತೇನೆ ಅಂದಾಗ ಎಲ್ಲರೂ ನಕ್ಕರು. ಮೊನ್ನೆ ರಿಸಲ್ಟ್ ಬಂತು, ಎಪ್ಪತ್ತರ ಮೇಲೆ. ನಕ್ಕವರೇ ಈಗ ನೋಟ್ಸ್ ಕೇಳುತ್ತಿದ್ದಾರೆ.

ಅದಕ್ಕೂ ಮೊದಲು ದುಡ್ಡು ಸಾಕಷ್ಟು ಸುಟ್ಟಿದ್ದೆ. ಸೆಕೆಂಡ್‌ಹ್ಯಾಂಡ್ ಗೈಡ್‌ಗಳಿಗೆ ಐನೂರೋ ಆರುನೂರೋ ಹೋಯಿತು. ಪ್ರತಿ ವರ್ಷ ಬಜೆಟ್ ಜೊತೆ ಫೈನಾನ್ಸ್ ಆಕ್ಟ್ ಬಂದು ತಿದ್ದುವ ಕಾನೂನಿಗೆ ಹಳೆ ಗೈಡ್ ಯಾವ ಕೆಲಸಕ್ಕೆ? ಆಮೇಲೆ ವಾರಾಂತ್ಯದ ಕೋಚಿಂಗ್, ಮೂರು ಸಾವಿರದ ಹತ್ತಿರ. ಅಲ್ಲಿ ಲೆಕ್ಕ ಬಂತು, ಯಾಕೆ ಹಾಗೆ ಅನ್ನೋದು ಬರಲಿಲ್ಲ. ಲಾ ಪೇಪರಿನಲ್ಲಿ ಮಾರ್ಕ್ಸ್ ಇರೋದೇ ಅಲ್ಲಿ ಅಲ್ವಾ?

ದಾರಿ ತೋರಿಸಿದ್ದು ಬಿ.ಸಿ. ಶ್ರೀನಿವಾಸ ಶೆಟ್ಟಿ ಕೇಸು. ಅಗರಬತ್ತಿ ಮಾಡುವ ಫರ್ಮ್. ಅದು ವಿಸರ್ಜನೆಯಾದಾಗ ಗುಡ್‌ವಿಲ್‌ಗೆ, ಅಂದ್ರೆ ವ್ಯಾಪಾರ ಗಳಿಸಿದ ಹೆಸರಿಗೆ, ಒಂದೂವರೆ ಲಕ್ಷ ಬೆಲೆ ಕಟ್ಟಿದ್ದರು. ತೆರಿಗೆ ಇಲಾಖೆ ಇದು ಬಂಡವಾಳ ಲಾಭ (ಆಸ್ತಿ ಕೈಬದಲಾದಾಗ ಬರುವ ಲಾಭ), ತೆರಿಗೆ ಕಟ್ಟಿ ಅಂದಿತು. ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ, 1981ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. 1961ರ ಹಳೇ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 45 ಈ ಲಾಭಕ್ಕೆ ತೆರಿಗೆ ಹಾಕು ಅನ್ನುತ್ತಿತ್ತು, 48 ಲಾಭ ಲೆಕ್ಕ ಹಾಕುವಾಗ ಕೊಂಡ ಬೆಲೆ ಕಳೆ ಅನ್ನುತ್ತಿತ್ತು. ತಾನೇ ಬೆಳೆಸಿದ ಹೆಸರಿಗೆ ಕೊಂಡ ಬೆಲೆ ಎಲ್ಲಿಂದ ತರೋದು? ಲೆಕ್ಕವೇ ಕೂರದಿದ್ದರೆ ತೆರಿಗೆಯೂ ಕೂರಲ್ಲ. ಇದು ತಲೆಗೆ ಹೋದ ಮೇಲೆ, 1988ರಿಂದ ಜಾರಿಗೆ ಬಂದ ಸೆಕ್ಷನ್ 55(2)ರ ತಿದ್ದುಪಡಿ ತಾನೇ ಬೆಳೆಸಿದ ಗುಡ್‌ವಿಲ್‌ನ ಕೊಂಡ ಬೆಲೆ ಸೊನ್ನೆ ಅಂತ ಯಾಕೆ ಬರೆಯಿತು ಅನ್ನೋದನ್ನು ಉರು ಹೊಡೆಯಬೇಕಾಗಲಿಲ್ಲ. ಹೀಗೆ ಪ್ರತಿ ಅಧ್ಯಾಯಕ್ಕೆ ಒಂದೇ ಕೇಸು ಪೂರ್ತಿ ಓದಿದೆ. ಯಾವ ಕೇಸು ಆರಿಸಬೇಕು ಅನ್ನೋದಕ್ಕೆ ನನ್ನದೇ ಒಂದು ಉಪಾಯವಿದೆ. ಜೂನಿಯರ್‌ಗಳು ಕಾಫಿ ಕೊಡಿಸಿದರೆ ಹೇಳುತ್ತೇನೆ.

ಕಾಫಿ ಅಂದಕೂಡಲೇ ನೆನಪಾಯಿತು. ಚಿಕ್ಕಮಗಳೂರಿನ ಕಡೆ ಮಾವನ ತೋಟವಿದೆ. ಕೃಷಿ ಆದಾಯದ ಪಾಠ ಅವರ ಲೆಕ್ಕದ ಮೇಲೇ ಕಲಿತೆ. ಹಳೇ ಕಾಯ್ದೆಯ ನಿಯಮ 7ಬಿ ಪ್ರಕಾರ ಕಾಫಿ ಬೆಳೆದು ಕ್ಯೂರಿಂಗ್ ಮಾಡಿ (ಬೀಜವನ್ನು ಯಂತ್ರದಲ್ಲಿ ಮಾರುಕಟ್ಟೆಗೆ ಸಿದ್ಧಮಾಡಿ) ಮಾರಿದರೆ ಲಾಭದ 25% ತೆರಿಗೆ ಬೀಳುವ ವ್ಯಾಪಾರದ ಆದಾಯವಾಗಿತ್ತು. ಹುರಿದು ಪುಡಿ ಮಾಡಿ ಮಾರಿದರೆ 40%. ಮಾವ ಪಲ್ಪಿಂಗ್, ಅಂದ್ರೆ ಹಣ್ಣಿನ ಸಿಪ್ಪೆ ತೆಗೆಯೋದು, ಮಾತ್ರ ಮಾಡಿಸಿ ಮಾರುತ್ತಾರೆ. 1942ರ ಕಾಫಿ ಆಕ್ಟ್ ಪಲ್ಪಿಂಗನ್ನು ಕ್ಯೂರಿಂಗ್ ಅಂತ ಲೆಕ್ಕಕ್ಕೇ ಹಿಡಿಯಲ್ಲ, ಹಾಗಾಗಿ ಪೂರ್ತಿ ಕೃಷಿ ಆದಾಯ, ಅದಕ್ಕೆ ನೇರವಾಗಿ ಆದಾಯ ತೆರಿಗೆ ಇಲ್ಲ. ಲಾಭ ಎಂಟು ಲಕ್ಷ ಅಂತ ಇಟ್ಟುಕೊಂಡು ಮೂರೂ ರೀತಿ ಹಾಕಿ ನೋಡಿದೆ: ತೆರಿಗೆ ಲೆಕ್ಕಕ್ಕೆ ಬರುವ ಪಾಲು ಸೊನ್ನೆ, ಎರಡು ಲಕ್ಷ, ಮೂರು ಲಕ್ಷದ ಇಪ್ಪತ್ತು ಸಾವಿರ. "ಪುಡಿ ಅಂಗಡಿ ಬೇಡ ಬಿಡು" ಅಂದರು ಮಾವ! ಅದು ಸರಿಯಾದ ತೀರ್ಮಾನವಲ್ಲ. ಪುಡಿಯಲ್ಲಿ ಲಾಭವೇ ಜಾಸ್ತಿ. ಆದರೆ ಅತ್ತೆಯ ಸಂಬಳ ಮಾವನ ಲೆಕ್ಕಕ್ಕೆ ಸೇರಲ್ಲ, ಮಾವನಿಗೇ ತೆರಿಗೆ ಬೀಳುವಷ್ಟು ಬೇರೆ ಆದಾಯ ಇದ್ದರೆ ಮಾತ್ರ ಕೃಷಿ ಆದಾಯ ಅದರ ತೆರಿಗೆ ಸ್ಲ್ಯಾಬ್ ಏರಿಸುತ್ತದೆ ಅಂತ ಅವರಿಗೆ ವಿವರಿಸುವಷ್ಟರಲ್ಲಿ ನನಗೇ ಪಾಠ ಗಟ್ಟಿಯಾಯಿತು.

ಕೊನೆಗೆ ಕೆಲಸಕ್ಕೆ ಬಂದಿದ್ದು ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ ಬರೀ ಕಾಯ್ದೆಯ ಪಠ್ಯ) ಮತ್ತು ತೀರ್ಪುಗಳ ಜೆರಾಕ್ಸ್. ಎರಡೂ ಸೇರಿ ಸಾವಿರ ದಾಟಲಿಲ್ಲ. ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, 536 ಸೆಕ್ಷನ್. ಆದಾಯ ಬಂದ ‘ಹಿಂದಿನ ವರ್ಷ’, ಅದಕ್ಕೆ ತೆರಿಗೆ ಲೆಕ್ಕ ಹಾಕುವ ‘ಅಸೆಸ್ಮೆಂಟ್ ವರ್ಷ’ ಅನ್ನೋ ಗೋಜಲು ಹೋಗಿ ಸುಮ್ನೆ ಟ್ಯಾಕ್ಸ್ ವರ್ಷ. ನಂಬರ್ ಉರು ಹೊಡೆದವರು ಮತ್ತೆ ಮೊದಲಿನಿಂದ ಕೂತಿದ್ದಾರೆ. ನಾನು ಶೆಟ್ಟಿ ಕೇಸಿನ ಜೆರಾಕ್ಸ್ ಅಂಚಿನಲ್ಲಿ ಹಳೇ ನಂಬರ್ ಪಕ್ಕ ಹೊಸದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.